ಮೆಡಿಕಲ್ ಸ್ಟೋರ್‌ನಲ್ಲೇ ಕೊಲೆಸ್ಟ್ರಾಲ್ ಟೆಸ್ಟ್ ಶುರು ಮಾಡಬಹುದಾ? ಗೊತ್ತಿರುವವರು ಹೇಳಿ

ಗುಳಿಗೆಡಬ್ಬಿ (ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಹೋಬಳಿ ಮಟ್ಟದ ಊರಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬಿ.ಫಾರ್ಮ್ ಓದಿದವನೂ ನಾನೇ, ಕೌಂಟರ್‌ನಲ್ಲಿ ಕೂರುವವನೂ ನಾನೇ. ಗೋಡೆಗೆ ಬಾಡಿಗೆ ಸರ್ಟಿಫಿಕೇಟ್ ತೂಗುಹಾಕಿದ ಅಂಗಡಿ ಅಲ್ಲ.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಟಿ.ವಿ.ಯಲ್ಲಿ ದಿನಗಟ್ಟಲೆ ಓಡಿದ್ದು ನಿಮಗೆಲ್ಲ ನೆನಪಿರುತ್ತೆ. ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಬಂತು, ಅಸಹಜ ಏರಿಕೆ ಕಂಡಿಲ್ಲ ಅಂತ ವರದಿಯೂ ಆಯ್ತು. ಆದರೆ ಜನರ ಗಾಬರಿ ವರದಿಯಿಂದ ಹೋಗುತ್ತಾ? ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಕ್ಯೂ ನಿಂತರು. ಅಲ್ಲಿಗೆ ಹೋಗಲಾಗದವರು ನನ್ನ ಅಂಗಡಿಗೆ ಬಂದು "ಬಿ.ಪಿ., ಶುಗರ್ ನೋಡ್ತೀರಲ್ಲ, ಕೊಲೆಸ್ಟ್ರಾಲೂ ನೋಡಿಬಿಡಿ" ಅಂತಾರೆ. ಲ್ಯಾಬ್ ಇರೋದು ತಾಲ್ಲೂಕು ಕೇಂದ್ರದಲ್ಲಿ. ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಹೋಗಿ ಬಂದರೆ ಅರ್ಧ ದಿನದ ಕೂಲಿ ಹೋಯ್ತು.

ಡಿಸ್ಟ್ರಿಬ್ಯೂಟರ್ ಎರಡು ಮಷೀನ್ ತೋರಿಸಿದ್ದಾನೆ. ಒಂದು ಅಗ್ಗದ್ದು, ಒಟ್ಟು ಕೊಲೆಸ್ಟ್ರಾಲ್ ಮಾತ್ರ ಹೇಳುತ್ತೆ. ಇನ್ನೊಂದು ಪೂರ್ತಿ ಲಿಪಿಡ್ ಪ್ಯಾನೆಲ್ (ರಕ್ತದ ಬೇರೆ ಬೇರೆ ಕೊಬ್ಬುಗಳ ಅಂಕಿ) ಕೊಡುತ್ತೆ, ಸ್ಟ್ರಿಪ್ ದುಬಾರಿ. ಯಾವುದು ತಗೊಳ್ಳಲಿ? ಲೈಸೆನ್ಸ್ ತಕರಾರು ಬರುತ್ತಾ? ಬೆರಳಿನ ರಕ್ತದ ಅಂಕಿಯನ್ನು ಡಾಕ್ಟರು ನಂಬ್ತಾರಾ?

ಕೆಂಪುಟ್ಯೂಬ್ (ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ)

ನಮ್ಮ ಹೊಟ್ಟೆಗೆ ಹೊಡೀತೀರಾ ಅಂತ ಹೇಳಲ್ಲ, ಭಯಪಡಬೇಡಿ. ಆದರೆ ಈ ಮಷೀನ್ ಶುಗರ್ ಮಷೀನ್ ಇದ್ದಂಗೆ ಅಂದ್ಕೊಂಡು ತಗೊಂಡ್ರೆ ಕೆಟ್ಟಿರಿ. ಗ್ಲೂಕೋಮೀಟರ್‌ಗೆ ಒಂದು ಮೈಕ್ರೋಲೀಟರ್ ಸಾಕು, ಚುಕ್ಕಿ ಬಂದ್ರೆ ಆಯ್ತು. ಪೂರ್ತಿ ಲಿಪಿಡ್ ಪ್ಯಾನೆಲ್ ಮಷೀನ್‌ಗಳಲ್ಲಿ ಹೆಚ್ಚಿನವು 35–40 ಮೈಕ್ರೋಲೀಟರ್ ಕೇಳ್ತವೆ. ಗದ್ದೆ ಕೆಲಸ ಮಾಡೋರ ಬೆರಳು ನೋಡಿದ್ದೀರಲ್ಲ, ಚರ್ಮ ದಪ್ಪ. ಸಣ್ಣ ಲ್ಯಾನ್ಸೆಟ್‌ಗೆ ಅಷ್ಟು ರಕ್ತ ಬರಲ್ಲ. ಬರಲಿಲ್ಲ ಅಂತ ಹಸು ಹಾಲು ಕರೆದಂಗೆ ಬೆರಳು ಹಿಂಡ್ತಾರೆ. ಹಿಂಡಿದ್ರೆ ಚರ್ಮದಡಿಯ ನೀರೂ ಸೇರಿ ಬಂದು ರಿಸಲ್ಟ್ ಕೆಡುತ್ತೆ.

ಸರಿಯಾಗಿ ಮಾಡೋ ರೀತಿ ಹೇಳ್ತೀನಿ. ಬಂದವರನ್ನ ಐದು ನಿಮಿಷ ಕೂರಿಸಿ. ನಿಂತೇ ಇದ್ದೋರಲ್ಲಿ ರಕ್ತ ಸ್ವಲ್ಪ ಗಟ್ಟಿಯಾಗಿ ಅಂಕಿ ಮೇಲೆ ಬರುತ್ತೆ. ಕೈ ಬಿಸಿನೀರಲ್ಲಿ ತೊಳೆಸಿ, ಒರೆಸಿ. ಸ್ಪಿರಿಟ್ ಹಚ್ಚಿದ್ರೆ ಪೂರ್ತಿ ಆರಬೇಕು. ಉಂಗುರದ ಬೆರಳೋ ನಡುಬೆರಳೋ, ತುದಿಯಲ್ಲಲ್ಲ, ಪಕ್ಕದಲ್ಲಿ ಚುಚ್ಚಿ. ಮೊದಲ ಹನಿ ಒರೆಸಿಬಿಡಿ, ಎರಡನೇದು ತಗೊಳ್ಳಿ.

ಇನ್ನು ಸ್ಟ್ರಿಪ್. ಡಬ್ಬಿ ಮುಚ್ಚಳ ತೆಗೆದಿಟ್ಟು ಮರೆತ್ರೆ ತೇವಕ್ಕೆ ಹಾಳು. ಫ್ರಿಜ್‌ನಿಂದ ತೆಗೆದ ತಕ್ಷಣ ಹಾಕಿದ್ರೂ ತಪ್ಪು. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ ಅಂಗಡಿಯಲ್ಲಿ ಮಷೀನೇ ಎರರ್ ತೋರಿಸುತ್ತೆ. ಮಷೀನ್ ಸರಿ ಇದೆಯಾ ಅಂತ ನೋಡೋ ಕಂಟ್ರೋಲ್ ದ್ರಾವಣ ಕೊಡದೆ ಮಷೀನ್ ಮಾತ್ರ ಮಾರೋನ ಹತ್ರ ಏನೂ ತಗೋಬೇಡಿ. ಹೊಸ ಡಬ್ಬಿ ತೆರೆದಾಗಲೆಲ್ಲ ಕಂಟ್ರೋಲ್ ಓಡಿಸಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಪಟ್ಟಣಬೀದಿ (ಹುಬ್ಬಳ್ಳಿ)

ಅಣ್ಣಾರ, ನಾ ಮೊದಲ ಒಂದ್ ಮಾತ ಹೇಳ್ತೇನ್ರಿ. ಮೆಡಿಕಲ್ ಅಂಗಡಿ ನಡಸೂದ ಈಗ ಭಾಳ ಕಷ್ಟ ಆಗೇತಿ. ಆನ್‌ಲೈನ್‌ನವ್ರು ಡಿಸ್ಕೌಂಟ್ ಕೊಟ್ಟು ಗಿರಾಕಿ ಎಳ್ಕೊಂಡ್ ಹೊಂಟಾರ, ಬಾಜೂಕ ಜನೌಷಧಿ ಬಂದೇತಿ. ಅದಕ್ಕ ಎಲ್ಲಾರೂ "ಸರ್ವಿಸ್" ಅಂತ ಹೊಸದೇನರ ಹುಡುಕಾಕತ್ತಾರ. ಲೆಕ್ಕಾ ಮಾಡ್ರಿ: ಪ್ಯಾನೆಲ್ ಸ್ಟ್ರಿಪ್ಪಿನ ರೇಟು ಲ್ಯಾಬಿನ್ಯಾಗ ಪೂರಾ ಲಿಪಿಡ್ ಪ್ರೊಫೈಲ್ ಮಾಡ್ಸೂ ರೇಟಿನ ಹತ್ರಾನ ಬರ್ತೈತಿ. ಡಬ್ಬಿ ಒಡದ ಮ್ಯಾಲ ಎಕ್ಸ್‌ಪೈರಿ ಓಡಕೋತ ಹೊಕ್ಕೈತಿ. ಹಳ್ಳ್ಯಾಗ ವಾರಕ್ಕ ಎಷ್ಟ್ ಮಂದಿ ರೊಕ್ಕ ಕೊಟ್ಟ್ ಮಾಡಸ್ಯಾರು? ಟಿ.ವಿ. ಸುದ್ದಿ ಇದ್ದಾಗ ಒಂದ್ ತಿಂಗಳ ಗದ್ದಲ. ಆಮ್ಯಾಲ ಮಷೀನ್ ಮ್ಯಾಲ ಧೂಳ.

ಗುಳಿಗೆಡಬ್ಬಿ

ಅದಕ್ಕೇ ಅಗ್ಗದ ಮಷೀನ್ ತಗೊಳ್ಳೋಣ ಅನ್ನಿಸಿದ್ದು. ಒಟ್ಟು ಕೊಲೆಸ್ಟ್ರಾಲ್ (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) 200ರ ಒಳಗಿದ್ದರೆ ಸರಿ, 240 ದಾಟಿದರೆ ಡಾಕ್ಟರ ಹತ್ತಿರ ಕಳಿಸೋದು. ಇಷ್ಟು ಸಾಲದಾ?

ವಾರ್ಡ್‌ರೌಂಡ್ಸ್ (ಫಿಜಿಷಿಯನ್, ಮೈಸೂರು)

ಸಾಲದು, ಅಪಾಯ ಇರೋದೇ ಅಲ್ಲಿ.

ನಮ್ಮ ಜನರ ರಕ್ತದ ರೀತಿಯೇ ಬೇರೆ. 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದವರನ್ನು ಪರೀಕ್ಷಿಸಿದ್ದರು. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು 13.9%. ರಕ್ತದ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಹೆಚ್ಚಿದ್ದವರು 29.5%. ಒಳ್ಳೆಯ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಚ್‌ಡಿಎಲ್ ಕಡಿಮೆ ಇದ್ದವರು 72.3%. ಅಂದರೆ ತೊಂದರೆ ಹೆಚ್ಚಾಗಿ ಕೂತಿರೋದು ನಿಮ್ಮ ಅಗ್ಗದ ಮಷೀನ್ ನೋಡದೇ ಇರೋ ಜಾಗದಲ್ಲಿ.

ಒಂದು ಲೆಕ್ಕ ನೋಡಿ. ಹೊಟ್ಟೆ ಸ್ವಲ್ಪ ಮುಂದೆ ಬಂದ 45ರ ಗಂಡಸು. ಒಟ್ಟು 178, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 260. ಅಗ್ಗದ ಮಷೀನ್ 178 ತೋರಿಸುತ್ತೆ, ನೀವು "ನಾರ್ಮಲ್ ಅಣ್ಣ" ಅಂತೀರಿ, ಆತ ಆ ಖುಷಿಗೆ ಒಂದು ಸಿಗರೇಟು ಹಚ್ಚುತ್ತಾನೆ. ಫ್ರೀಡ್‌ವಾಲ್ಡ್ ಸೂತ್ರ ಹಾಕಿದರೆ, ಅಂದರೆ ಒಟ್ಟರಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ, ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ 94. ಅದೂ ಚೆನ್ನಾಗಿಯೇ ಕಾಣುತ್ತೆ. ಆದರೆ ಒಟ್ಟರಲ್ಲಿ ಎಚ್‌ಡಿಎಲ್ ಮಾತ್ರ ಕಳೆದರೆ ಉಳಿಯೋದು 146. ಇದನ್ನು ನಾನ್-ಎಚ್‌ಡಿಎಲ್ ಅಂತೀವಿ, ಸಾಮಾನ್ಯರಲ್ಲೂ 130ರೊಳಗೆ ಇರಬೇಕು. ಒಟ್ಟು ಮತ್ತು ಎಚ್‌ಡಿಎಲ್ ಅನುಪಾತ ಐದೂವರೆ. ಈತನನ್ನು ಸುಮ್ಮನೆ ಮನೆಗೆ ಕಳಿಸೋ ಹಾಗಿಲ್ಲ.

ಅಗ್ಗದ ಮಷೀನ್‌ಗಳಲ್ಲಿ ಕೆಲವು 150ರಿಂದ 300ರವರೆಗೆ ಮಾತ್ರ ಅಳೆಯುತ್ತವೆ ಅನ್ನೋದನ್ನೂ ನೋಡಿಕೊಳ್ಳಿ. ಅದರಾಚೆ ಬರೇ "ಹೈ", "ಲೋ".

ಹಾಗಾಗಿ ಮಾಡೋದಾದರೆ ಪೂರ್ತಿ ಪ್ಯಾನೆಲ್ ಮಾಡಿ, ಇಲ್ಲವಾದರೆ ಬೇಡ. ಟೆಸ್ಟ್ ಇಲ್ಲದವನಿಗೆ ಅನುಮಾನವಾದರೂ ಉಳಿದಿರುತ್ತೆ. ನೀವು ತಪ್ಪು ಧೈರ್ಯ ಹೇಳಿ ಕಳಿಸಿದವನು ಮುಂದೆ ಐದು ವರ್ಷ ಎಲ್ಲೂ ಹೋಗಲ್ಲ.

ಕೆಂಪುಟ್ಯೂಬ್

ಡಾಕ್ಟ್ರೇ, ಟ್ರೈಗ್ಲಿಸರೈಡ್ 400 ದಾಟಿದ್ರೆ ಆ ಸೂತ್ರ ನಡೆಯಲ್ಲ ಅಂತಲೂ ಹೇಳಿಬಿಡಿ. ಮಷೀನ್ ಎಲ್‌ಡಿಎಲ್ ಜಾಗದಲ್ಲಿ ಗೆರೆ ಎಳೆದು ಬಿಡುತ್ತೆ, ಗಿರಾಕಿ "ಮಷೀನ್ ಕೆಟ್ಟಿದೆ, ದುಡ್ಡು ವಾಪಸ್ ಕೊಡಿ" ಅಂತ ಜಗಳಕ್ಕೆ ಬರ್ತಾನೆ.

ಆಟೋಸ್ಟ್ಯಾಂಡ್ (ಬೆಂಗಳೂರು)

ಓದ್ತಾ ಇದೀನಿ ಸಾರ್. ನಾನು ಆಟೋ ಓಡಿಸೋನು. ಹಾಸನದ ಸುದ್ದಿ ಬಂದಾಗ ಸತ್ತೋರಲ್ಲಿ ಡ್ರೈವರ್‌ಗಳೂ ಇದ್ರು ಅಂತ ನಮ್ಮ ಸ್ಟ್ಯಾಂಡಲ್ಲಿ ಅದೇ ಮಾತು. ಖಾಲಿ ಹೊಟ್ಟೇಲಿ ಲ್ಯಾಬ್‌ಗೆ ಹೋಗೋದು ನಮ್ಗೆ ಆಗಲ್ಲ, ಬೆಳಗ್ಗೆ ಆರರಿಂದ ಹತ್ತು ದುಡಿಮೆ ಟೈಮು. ತಿಂಡಿ ತಿಂದು ಮಧ್ಯಾಹ್ನ ಮೆಡಿಕಲ್‌ನಲ್ಲಿ ಮಾಡ್ಸಿದ್ರೆ ಸುಳ್ಳು ಬರುತ್ತಾ?

ವಾರ್ಡ್‌ರೌಂಡ್ಸ್

ಒಳ್ಳೇ ಪ್ರಶ್ನೆ. ಉಪವಾಸದ ಕಡ್ಡಾಯ ಈಗ ಹೋಗಿದೆ. ಯುರೋಪಿನ ತಜ್ಞರು 2016ರಲ್ಲೇ ಸಾಮಾನ್ಯ ಪರೀಕ್ಷೆಗೆ ಉಪವಾಸ ಬೇಕಿಲ್ಲ ಅಂದರು. ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಮಾಡಿದ ಮಾರ್ಗಸೂಚಿಯೂ ಅದನ್ನೇ ಹೇಳುತ್ತೆ. ತಿಂಡಿ ತಿಂದರೆ ಏರೋದು ಮುಖ್ಯವಾಗಿ ಟ್ರೈಗ್ಲಿಸರೈಡ್, ಒಟ್ಟು ಮತ್ತು ಎಚ್‌ಡಿಎಲ್ ಅಷ್ಟೇನೂ ಅಲುಗಾಡಲ್ಲ. ಟ್ರೈಗ್ಲಿಸರೈಡ್ ತೀರಾ ಹೆಚ್ಚು ಬಂದವರಿಗೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸ್ತೀವಿ. ಅದೇ ಮಾರ್ಗಸೂಚಿ 18ನೇ ವಯಸ್ಸಿಗೇ ಮೊದಲ ಲಿಪಿಡ್ ಪರೀಕ್ಷೆ ಆಗಲಿ ಅಂತಲೂ ಹೇಳುತ್ತೆ. ಆದ್ದರಿಂದ ಆರಾಮಾಗಿ ಇಡ್ಲಿ ತಿಂದು ಹೋಗಿ.

ಜ್ವರ, ಆಪರೇಷನ್ ಆಗಿ ಸ್ವಲ್ಪ ದಿನ ಆಗಿದ್ದವರು, ಗರ್ಭಿಣಿಯರು ಮಾತ್ರ ಸದ್ಯಕ್ಕೆ ಬೇಡ. ಕಾಯಿಲೆ ಬಿದ್ದಾಗ ಅಂಕಿ ಇಳಿದಿರುತ್ತೆ, ಬಸುರಿನಲ್ಲಿ ಏರಿರುತ್ತೆ.

ತೆಂಕಣಗಾಳಿ (ಪುತ್ತೂರು)

ಒಂದು ಸಣ್ಣ ಸಂಶಯ ಮಾರಾಯ್ರೆ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ವಾಟ್ಸಾಪಿನಲ್ಲಿ ಅದು ಅಮೃತ ಅಂತ ಬರ್ತದೆ, ಡಾಕ್ಟ್ರು ಕಡಿಮೆ ಮಾಡಿ ಅಂತಾರೆ. ಮೆಡಿಕಲಿನವರು ಟೆಸ್ಟ್ ಮಾಡಿದ ಮೇಲೆ ಯಾವುದು ಹೇಳ್ಬೇಕು?

ಫಾರ್ಮ್‌ಡಿ‌ಬ್ಯಾಚ್ (ಮೈಸೂರು)

2020ರಲ್ಲಿ 16 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತೆ, ಎಚ್‌ಡಿಎಲ್ ಅನ್ನೂ 4ರಷ್ಟು ಏರಿಸುತ್ತೆ. ಆಗಲೇ ಎಲ್‌ಡಿಎಲ್ 160 ಇರುವವರಿಗೆ ಆ 10 ಕೂಡ ಬೇಡ. ಉಳಿದವರು ಗಸಿಗೆ ಒಂದು ಚಮಚ ಒಗ್ಗರಣೆ ಹಾಕಿದರೆ ಆಕಾಶ ಬೀಳಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸೋದನ್ನು ಮೊದಲು ನಿಲ್ಲಿಸಿ ಅಂತ ನಾನಾದರೆ ಹೇಳ್ತೀನಿ.

ಮೂಲ ಪ್ರಶ್ನೆಗೆ ಬರ್ತೀನಿ. ಫಾರ್ಮಸಿಸ್ಟ್ ಕೈಲಿ ಇದು ಆಗುತ್ತಾ ಅನ್ನೋದಕ್ಕೆ ಒಳ್ಳೆಯ ಪುರಾವೆ ಕೆನಡಾದ ಸ್ಕ್ರಿಪ್ ಅಧ್ಯಯನ, 2002ರಲ್ಲಿ ಪ್ರಕಟವಾಯ್ತು. ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳ 54 ಔಷಧ ಅಂಗಡಿಗಳು, ಹೃದಯದ ಅಪಾಯ ಹೆಚ್ಚಿದ್ದ 675 ಜನ. ಫಾರ್ಮಸಿಸ್ಟ್ ಬೆರಳು ಚುಚ್ಚಿ ಕೊಲೆಸ್ಟ್ರಾಲ್ ನೋಡಿ, ತಿಳಿಸಿ ಹೇಳಿ, ಡಾಕ್ಟರಿಗೆ ಫ್ಯಾಕ್ಸ್ ಕಳಿಸಿ, ಆಮೇಲೂ ವಿಚಾರಿಸ್ತಾ ಇದ್ದರು. ಇವರಲ್ಲಿ 57% ಜನಕ್ಕೆ ಡಾಕ್ಟರ ಕಡೆಯಿಂದ ಪೂರ್ತಿ ಪರೀಕ್ಷೆಯೋ, ಹೊಸ ಔಷಧವೋ, ಡೋಸ್ ಏರಿಕೆಯೋ ಆಯ್ತು. ಮಾಮೂಲಿಯಾಗಿ ಬಿಟ್ಟವರಲ್ಲಿ 31%. ಲಾಭ ಅಷ್ಟು ಸ್ಪಷ್ಟ ಇತ್ತು ಅಂತ ಅಧ್ಯಯನವನ್ನೇ ಬೇಗ ನಿಲ್ಲಿಸಿದರು.

ಗಮನಿಸಬೇಕಾದ್ದು: ಅಲ್ಲಿ ದಾರಿಯಲ್ಲಿ ಹೋಗೋರನ್ನೆಲ್ಲ ಕರೆದು ಚುಚ್ಚಲಿಲ್ಲ. ಆಗಲೇ ಹೃದಯದ ತೊಂದರೆ ಆದವರು, ಸಕ್ಕರೆ ಕಾಯಿಲೆಯ ಜೊತೆ ಬೇರೆ ಅಪಾಯವೂ ಇದ್ದವರು. ಅಂಥವರು ಪ್ರತಿ ತಿಂಗಳು ನಮ್ಮ ಕೌಂಟರ್‌ಗೆ ಬರ್ತಾನೇ ಇದ್ದಾರೆ.

ಮಲೆನಾಡು‌ಲೆಸ್ಟರ್ (ಫಾರ್ಮಸಿಸ್ಟ್, ಇಂಗ್ಲೆಂಡ್, ಊರು ತೀರ್ಥಹಳ್ಳಿ ಕಡೆ)

ನಾನಿರುವ ಕಡೆಯ ಪದ್ಧತಿ ಹೇಳ್ತೇನೆ, ಕಣ್ಣುಮುಚ್ಚಿ ನಕಲು ಮಾಡೋಕಲ್ಲ.

ಇಂಗ್ಲೆಂಡಿನಲ್ಲಿ 2009ರಿಂದ ಎನ್‌ಎಚ್‌ಎಸ್ ಹೆಲ್ತ್ ಚೆಕ್ ಅಂತ ಇದೆ. 40ರಿಂದ 74ರವರೆಗಿನ, ಆಗಲೇ ಹೃದಯ, ಕಿಡ್ನಿ, ಸಕ್ಕರೆಯ ತೊಂದರೆ ಇಲ್ಲದವರಿಗೆ ಐದು ವರ್ಷಕ್ಕೊಮ್ಮೆ. ಸ್ಥಳೀಯ ಆಡಳಿತ ಯಾರಿಗೆ ಗುತ್ತಿಗೆ ಕೊಡುತ್ತೋ ಅವರು ಮಾಡ್ತಾರೆ. ಕೆಲವು ಊರುಗಳಲ್ಲಿ ಫಾರ್ಮಸಿಗೂ ಕೊಡ್ತಾರೆ, ಕೆಲವು ಕಡೆ ಡಾಕ್ಟರ ಕ್ಲಿನಿಕ್ಕಿನಲ್ಲೇ. ಬೆರಳಿನ ರಕ್ತ, ಬಿ.ಪಿ., ತೂಕ, ಸಿಗರೇಟು, ಮನೆತನದ ಕಾಯಿಲೆ ಎಲ್ಲ ಸೇರಿಸಿ ಕ್ಯೂರಿಸ್ಕ್ ಅನ್ನುವ ಲೆಕ್ಕಕ್ಕೆ ಹಾಕ್ತೇವೆ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು ಆಗುವ ಸಾಧ್ಯತೆ ಎಷ್ಟು ಶೇಕಡಾ ಅಂತ ಬರುತ್ತೆ. ಅದರಲ್ಲಿ ಭಾರತೀಯರು, ಪಾಕಿಸ್ತಾನಿಗಳು, ಬಾಂಗ್ಲಾದೇಶಿಗಳು ಅಂತ ಬೇರೆ ಬೇರೆ ಆಯ್ಕೆಯೇ ಇದೆ, ಯಾಕಂದ್ರೆ ನಮ್ಮವರಿಗೆ ಅಪಾಯ ಹೆಚ್ಚು.

ಕೊಲೆಸ್ಟ್ರಾಲ್ ಆ ಲೆಕ್ಕದ ಒಂದು ಭಾಗ ಅಷ್ಟೇ. ಗಿರಾಕಿಗಳು ಮಾತ್ರ ಅದೊಂದನ್ನೇ ನೆನಪಿಟ್ಟುಕೊಳ್ತಾರೆ.

ಇಲ್ಲಿ 2004ರಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ 10 ಮಿಲಿಗ್ರಾಂ ಅನ್ನು ಚೀಟಿ ಇಲ್ಲದೆ ಫಾರ್ಮಸಿಯಲ್ಲೇ ಮಾರಲು ಬಿಟ್ಟಿದ್ದರು. ಜಗತ್ತಿನಲ್ಲೇ ಮೊದಲು. ಸದ್ದು ಮಾಡಿದಷ್ಟು ನಡೀಲಿಲ್ಲ, ಆಮೇಲೆ ಅಂಗಡಿಯಿಂದಲೇ ಮಾಯವಾಯ್ತು. ದುಡ್ಡು ಕೊಟ್ಟು, ರೋಗ ಕಾಣದೆ, ದಿನಾ ಮಾತ್ರೆ ನುಂಗೋರು ಕಡಿಮೆ.

ಇನ್ನೊಂದು. ಇಲ್ಲಿಂದ ಅಪ್ಪ-ಅಮ್ಮ ಊರಿಗೆ ವಾಪಸ್ ಹೋಗುವಾಗ ಇಲ್ಲಿಯ ರಿಪೋರ್ಟ್ ಹಿಡ್ಕೊಂಡು ಹೋಗ್ತಾರೆ. ಅದರಲ್ಲಿ ಕೊಲೆಸ್ಟ್ರಾಲ್ 5.8 ಅಂತ ಇದ್ದರೆ "ಓ ಬರೀ ಐದು" ಅಂತ ಯಾರೂ ನಗಬೇಡಿ. ಇಲ್ಲಿಯ ಅಳತೆ ಮಿಲಿಮೋಲ್, ಊರಿನದು ಮಿಲಿಗ್ರಾಂ. 38.67ರಿಂದ ಗುಣಿಸಿ, 224 ಆಯ್ತು. ಟ್ರೈಗ್ಲಿಸರೈಡಿಗೆ ಗುಣಕ ಬೇರೆ, 88.57.

ಪಟ್ಟಣಬೀದಿ

ಅಲ್ಲಿ ಸರಕಾರ ರೊಕ್ಕ ಕೊಡ್ತೈತಿ ತಂಗಿ/ತಮ್ಮ (ಯಾರಂತ ಗೊತ್ತಿಲ್ಲ, ಮಾಫ್ ಮಾಡ್ರಿ). ಇಲ್ಲಿ ನಮ್ಮ ಕಿಸೆದಾಗಿಂದ ಹೋಗೂದು.

ಮಲೆನಾಡು‌ಲೆಸ್ಟರ್

ತಂಗಿ ಅನ್ನಿ. ನಿಜ, ರೊಕ್ಕದ ಮಾತು ಸುಳ್ಳಲ್ಲ. ಇಲ್ಲೂ ಗುತ್ತಿಗೆ ಸಿಗದ ಫಾರ್ಮಸಿಗಳು ಖಾಸಗಿಯಾಗಿ ಮಾಡಿ, ಕೈಸುಟ್ಟುಕೊಂಡು ಬಿಟ್ಟದ್ದಿದೆ.

ನಿಯಮಪುಸ್ತಕ (ಬೆಂಗಳೂರು)

ಲೈಸೆನ್ಸ್ ವಿಷಯ ಯಾರೂ ಮುಟ್ಟಲಿಲ್ಲ. ಬರೆಯುತ್ತೇನೆ.

ನಿಮ್ಮ ಫಾರಂ 20, 21 ಲೈಸೆನ್ಸ್ ಔಷಧ ಮಾರಾಟಕ್ಕೆ. ಪರೀಕ್ಷೆ ಮಾಡುವ ಹಕ್ಕನ್ನು ಅದು ಕೊಡುವುದಿಲ್ಲ. ಕರ್ನಾಟಕದಲ್ಲಿ ಕ್ಲಿನಿಕಲ್ ಲ್ಯಾಬ್, ಡಯಾಗ್ನೊಸ್ಟಿಕ್ ಸೆಂಟರ್ ಎಲ್ಲ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ ನೋಂದಣಿ ಆಗಬೇಕು. ಕೌಂಟರ್‌ನಲ್ಲಿ ಒಂದು ಹನಿ ರಕ್ತ ತೆಗೆದು ಮಷೀನ್‌ಗೆ ಹಾಕುವುದು ಲ್ಯಾಬ್ ಆಗುತ್ತದೆಯೋ ಇಲ್ಲವೋ ಎಂದು ಇಲ್ಲಿ ವಾದ ಮಾಡಿ ಫಲವಿಲ್ಲ. ಮಷೀನ್‌ಗೆ ದುಡ್ಡು ಹಾಕುವ ಮೊದಲು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರಹದಲ್ಲಿ ಅರ್ಜಿ ಕೊಟ್ಟು, ಬರಹದಲ್ಲೇ ಉತ್ತರ ಪಡೆಯಿರಿ. ಡ್ರಗ್ ಇನ್‌ಸ್ಪೆಕ್ಟರಿಗೂ ಒಂದು ಪ್ರತಿ. ಬಾಯಿಮಾತಿನ "ಮಾಡ್ಕೊಳ್ಳಿ ಬಿಡಿ" ನಾಳೆ ಕೆಲಸಕ್ಕೆ ಬಾರದು.

ಜಾಗ ಇನ್ನೊಂದು. ಚಿಲ್ಲರೆ ಮಾರಾಟಕ್ಕೆ ಬೇಕಾದ ಕನಿಷ್ಠ ಜಾಗ 10 ಚದರ ಮೀಟರ್. ಹೆಚ್ಚಿನ ಅಂಗಡಿಗಳು ಇರುವುದೇ ಅಷ್ಟು. ಅದರೊಳಗೆ ಒಬ್ಬರನ್ನು ಕೂರಿಸಿ, ಬೆರಳು ಚುಚ್ಚಿ, "ನಿಮಗೆ ಸಿಗರೇಟು ಇದೆಯಾ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೋದರಾ" ಎಂದು ಕೇಳುವುದು ಎಲ್ಲಿ? ಹಿಂದೆ ನಿಂತ ನೆರೆಮನೆಯವರ ಎದುರಿಗೇ?

ಮತ್ತು ಕಸ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಲ್ಯಾನ್ಸೆಟ್ ಚುಚ್ಚಿ ಹೋಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಸಾಮಾನ್ಯ ಸಂಸ್ಕರಣಾ ಘಟಕದವರ ಜೊತೆ ಒಪ್ಪಂದ ಇರಬೇಕು. ಈಗ ಶುಗರ್ ನೋಡುತ್ತಿರುವ ಎಷ್ಟು ಅಂಗಡಿಗಳು ಲ್ಯಾನ್ಸೆಟ್ ಎಲ್ಲಿ ಎಸೆಯುತ್ತಿವೆ ಎಂದು ಕೇಳಿದರೆ ಈ ಚರ್ಚೆ ಇಲ್ಲೇ ನಿಲ್ಲಬಹುದು.

ಗುಳಿಗೆಡಬ್ಬಿ

ಸಾರ್, ಕೊನೆಯ ವಾಕ್ಯ ಸ್ವಲ್ಪ ಚುಚ್ಚಿತು. ಬಿಳಿ ಡಬ್ಬಿ ಇದೆ. ಪಕ್ಕದ ಕ್ಲಿನಿಕ್ಕಿನವರ ಒಪ್ಪಂದದಲ್ಲಿ ನನ್ನದೂ ಹೋಗುತ್ತೆ.

ನಿಯಮಪುಸ್ತಕ

ಸಂತೋಷ. ನಿಮ್ಮ ಹೆಸರಿನಲ್ಲೇ ಮಾಡಿಸಿಕೊಳ್ಳಿ.

ಅಪ್ಪನಫೈಲು (ತುಮಕೂರು)

ಗಿರಾಕಿಗಳ ಕಡೆಯಿಂದ ಒಂದು ಮಾತು ಹೇಳಬಹುದಾ?

ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದೀವಿ. ಕೊಲೆಸ್ಟ್ರಾಲ್ ಇಳಿಸೋ ಅಟೋರ್ವಾಸ್ಟಾಟಿನ್ ಮಾತ್ರೆ ದಿನಾ ರಾತ್ರಿ. ಒಂದು ಸಲ ಊರಿನ ಒಂದು ಉಚಿತ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿ "ನಿಮ್ಮ ಕೊಲೆಸ್ಟ್ರಾಲ್ ಫಸ್ಟ್ ಕ್ಲಾಸ್ ಇದೆ ಯಜಮಾನ್ರೇ" ಅಂದರಂತೆ. ಅಪ್ಪ ಅದನ್ನೇ ನಂಬಿ ಮಾತ್ರೆ ನಿಲ್ಲಿಸಿಬಿಟ್ಟರು. ವಾಸಿ ಆಯ್ತಲ್ಲ, ಇನ್ಯಾಕೆ ಅಂತ. ನಮಗೆ ಗೊತ್ತಾಗಿದ್ದು ತಿಂಗಳುಗಟ್ಟಲೆ ಆದ ಮೇಲೆ, ಅದೂ ಡಾಕ್ಟರ ಹತ್ತಿರ ಹೋದಾಗ.

ಆ ಮಾತ್ರೆ ಅಪ್ಪ ತಗೊಳ್ತಿದ್ದದ್ದು ಮನೆ ಹತ್ತಿರದ ಒಂದೇ ಮೆಡಿಕಲ್‌ನಲ್ಲಿ. ಅಲ್ಲಿಯವರು ನಮ್ಮ ಮದುವೆಗೂ ಬಂದಿದ್ದವರು. "ಯಾಕೆ ಈ ತಿಂಗಳು ಬರಲಿಲ್ಲ" ಅಂತ ಅವರು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನನಗೆ ನಿಮ್ಮ ಮಷೀನ್ ಬೇಡ. ಆ ಫೋನ್ ಬೇಕು.

ವಾರ್ಡ್‌ರೌಂಡ್ಸ್

ಈ ಒಂದು ಪೋಸ್ಟ್ ಮುಂದೆ ಮೇಲೆ ನಾನು ಬರೆದದ್ದೆಲ್ಲ ಕಡಿಮೆಯೇ.

ಅಂಕಿ ಚೆನ್ನಾಗಿ ಬಂದದ್ದು ಮಾತ್ರೆಯಿಂದ. ಸ್ಟೆಂಟ್ ಆದವರಿಗೆ ನಮ್ಮ ಗುರಿ ಎಲ್‌ಡಿಎಲ್ 55ರ ಕೆಳಗೆ. 2024ರ ಮಾರ್ಗಸೂಚಿಯಲ್ಲಿ ಸಾಮಾನ್ಯರಿಗೆ 100, ಅಪಾಯ ಹೆಚ್ಚಿರುವವರಿಗೆ 70, ತೀರಾ ಹೆಚ್ಚಿರುವವರಿಗೆ 55. ಅಂದರೆ ಲ್ಯಾಬ್ ಕಾಗದದ ಬಲಗಡೆ "ನಾರ್ಮಲ್ ವ್ಯಾಲ್ಯೂ" ಅಂತ ಅಚ್ಚಾಗಿರೋದು ಇವರಿಗೆ ಅನ್ವಯಿಸೋದೇ ಇಲ್ಲ. 95 ಬಂದರೆ ನನಗೆ ಸರಿ, ಇವರ ಅಪ್ಪನಿಗೆ ಹೆಚ್ಚು.

ಮೈಕೈ ನೋವು ಅಂತ ನಿಲ್ಲಿಸೋರು ಇನ್ನೊಂದು ಗುಂಪು. ಕೆಲವರಿಗೆ ನಿಜವಾಗಿಯೂ ಸ್ನಾಯು ತೊಂದರೆ ಆಗುತ್ತೆ, ಅದನ್ನು ನೋಡಲೇಬೇಕು. ಆದರೆ 2020ರ ಸ್ಯಾಮ್ಸನ್ ಪ್ರಯೋಗದಲ್ಲಿ, ಸ್ಟಾಟಿನ್ (ಇದೇ ಗುಂಪಿನ ಮಾತ್ರೆ) ಆಗಲ್ಲ ಅಂತ ಬಿಟ್ಟಿದ್ದ 60 ಜನರಿಗೆ ಒಂದು ತಿಂಗಳು ನಿಜದ ಮಾತ್ರೆ, ಒಂದು ತಿಂಗಳು ಹುಸಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ಸರದಿ ತಪ್ಪಿಸಿ ಕೊಟ್ಟರು. ನಿಜದ ಮಾತ್ರೆಯಲ್ಲಿ ಕಂಡ ತೊಂದರೆಯ 90% ಹುಸಿ ಮಾತ್ರೆಯಲ್ಲೂ ಇತ್ತು. ಕೌಂಟರ್‌ನಲ್ಲಿ ಯಾರಾದರೂ "ನೋವು, ನಿಲ್ಲಿಸಿದೆ" ಅಂದರೆ "ಸರಿ ಬಿಡಿ" ಅನ್ನಬೇಡಿ, ವಾಪಸ್ ಕಳಿಸಿ. ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್‌ನ ಚೀಟಿ ಬಂದರೆ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತಗೊಳ್ತಿದ್ದಾರಾ ಅಂತ ಕೇಳಿ, ಬರೆದ ಡಾಕ್ಟರಿಗೆ ಫೋನ್ ಮಾಡಿ; ಎರಡೂ ಒಟ್ಟಿಗೆ ಬಿದ್ದರೆ ಸ್ನಾಯು ತೊಂದರೆ ಹೆಚ್ಚಬಹುದು. ಕೌಂಟರ್‌ನಲ್ಲಿ ಸಿಕ್ಕಿಬಿದ್ದರೆ ಒಳ್ಳೇದು, ನಮ್ಮ ಕಣ್ಣಿಗೆ ಎಷ್ಟೋ ಸಲ ಬೀಳಲ್ಲ.

ಫಾರ್ಮ್‌ಡಿ‌ಬ್ಯಾಚ್

2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್‌ನಲ್ಲಿ ರೋಗಿಗೆ ಔಷಧದ ಬಗ್ಗೆ ತಿಳಿಸಿ ಹೇಳೋದು ಫಾರ್ಮಸಿಸ್ಟ್ ಕೆಲಸ ಅಂತಲೇ ಇದೆ. ಅದಕ್ಕೆ ಹೊಸ ಲೈಸೆನ್ಸೂ ಬೇಡ, ಸ್ಟ್ರಿಪ್ಪೂ ಬೇಡ.

ಪಟ್ಟಣಬೀದಿ

ಡಾಕ್ಟರ್ ಸಾಹೇಬ್ರ, ಒಂದ್ ಖಾರದ ಮಾತು. ನಾವ್ ಟೆಸ್ಟ್ ಮಾಡಿ ನಿಮ್ಮ ಕಡೆ ಕಳಿಸಿದ್ರ, ನೀವು ಆ ಚೀಟಿ ಬದಿಗಿಟ್ಟು ನಿಮ್ಮ ಲ್ಯಾಬಿಗೆ ಮತ್ತ ಬರೀತೀರಿ. ಲ್ಯಾಬಿಂದ ಕಟ್ ಬರ್ತೈತಿ ಅಂತ ಊರೆಲ್ಲ ಮಾತಾಡ್ತೈತಿ. ಗಿರಾಕಿ ಎರಡ್ ಸಲ ರೊಕ್ಕ ಕೊಡ್ತಾನ. ಹಂಗಾದ್ರ ನಾವ್ ಯಾಕ್ ಮಾಡ್ಬೇಕ್ರಿ?

ವಾರ್ಡ್‌ರೌಂಡ್ಸ್

ಕಟ್ ಇದೆ. ಇಲ್ಲ ಅಂದರೆ ನೀವ್ಯಾರೂ ನಂಬಲ್ಲ. ಆದರೆ ಮತ್ತೆ ಬರೆಯೋದಕ್ಕೆ ಬೇರೆ ಕಾರಣವೂ ಇದೆ. ಒಳ್ಳೆಯ ವಿಧಾನಕ್ಕೂ ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಸುಮಾರು 9% ತನಕ ಹೆಚ್ಚುಕಮ್ಮಿಯನ್ನು ಅಮೆರಿಕದ ಮಾನದಂಡವೇ ಒಪ್ಪುತ್ತೆ. ನಿಜ 200 ಇದ್ದರೆ 182ರಿಂದ 218ರವರೆಗೆ ಏನು ಬೇಕಾದರೂ ಬರಬಹುದು. ಅದರ ಮೇಲೆ ಮನುಷ್ಯನೊಳಗೇ ದಿನದಿಂದ ದಿನಕ್ಕೆ ಏರಿಳಿತ. ಜೀವನಪೂರ್ತಿ ನುಂಗುವ ಮಾತ್ರೆಯನ್ನು ಒಂದು ಬೆರಳಿನ ಹನಿ ನೋಡಿ ಬರೆಯೋಕೆ ನನಗೆ ಮನಸ್ಸಾಗಲ್ಲ. ಜೊತೆಗೆ ಥೈರಾಯ್ಡ್ ನೋಡಬೇಕು. ಥೈರಾಯ್ಡ್ ಮಂದವಾಗಿದ್ದರೆ ಅದೇ ಕೊಲೆಸ್ಟ್ರಾಲ್ ಏರಿಸುತ್ತೆ.

ನಿಮ್ಮ ಕಡೆಗೂ ಅದೇ ಪ್ರಶ್ನೆ ಕೇಳ್ತೀನಿ. ಟೆಸ್ಟ್ ಮಾಡಿ, ಹೆಚ್ಚಿದೆ ಅಂತ ಹೆದರಿಸಿ, ಅದೇ ಕೌಂಟರ್‌ನಿಂದ ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ ಡಬ್ಬಿ ಮಾರಿದರೆ? ಅಟೋರ್ವಾಸ್ಟಾಟಿನ್ ಶೆಡ್ಯೂಲ್ ಎಚ್ ಔಷಧ. ಚೀಟಿ ಇಲ್ಲದೆ ಶುರು ಮಾಡೋ ಹಾಗಿಲ್ಲ. ಅದನ್ನೂ ಕೊಡೋರು ಎಲ್ಲ ಊರಲ್ಲೂ ಇದ್ದಾರೆ.

ಪಟ್ಟಣಬೀದಿ

ಇದ್ದಾರ್ರಿ. ಇಬ್ಬರೂ ಸೇರಿ ಗಿರಾಕೀನ ನುಂಗೂದು ಬ್ಯಾಡ ಅಂತ ಒಪ್ಪೂಣು.

ನಿರ್ವಾಹಕ

ಕಮಿಷನ್ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವ್ಯಕ್ತಿ, ಲ್ಯಾಬ್‌ಗಳ ಹೆಸರು ಹಾಕಿದ್ದ ಎರಡು ಪೋಸ್ಟ್ ತೆಗೆದಿದ್ದೇನೆ.

ಮಲೆನಾಡು‌ಲೆಸ್ಟರ್

ಮೂಲ ಪೋಸ್ಟ್ ಹಾಕಿದವರಿಗೆ ಒಂದು ಸಲಹೆ. ರಕ್ತವಿಲ್ಲದೆಯೂ ಶುರು ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊಸ ಅಪಾಯದ ಪಟ್ಟಿಗಳನ್ನು ಮಾಡಿತು. ಅದರಲ್ಲಿ ಲ್ಯಾಬ್ ಬೇಡದ ಒಂದು ಬಗೆ ಇದೆ. ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು, ಬಿ.ಪಿ., ಎತ್ತರ-ತೂಕದ ಲೆಕ್ಕ, ಇಷ್ಟೇ. ದಕ್ಷಿಣ ಏಷ್ಯಾಕ್ಕೆ ಬೇರೆಯೇ ಪಟ್ಟಿ. ಬಣ್ಣದ ಚೌಕದಲ್ಲಿ ಬೆರಳಿಟ್ಟು ತೋರಿಸಬಹುದು. ಹಸಿರು ಚೌಕದ ಯುವಕನಿಗೆ ದುಬಾರಿ ಸ್ಟ್ರಿಪ್ ಸುಡುವುದಕ್ಕಿಂತ ಕೆಂಪು ಚೌಕದವರನ್ನು ಲ್ಯಾಬಿಗೆ ಕಳಿಸಿ. ಒಂದು ಟೇಪು ಇಟ್ಟುಕೊಳ್ಳಿ. ಸೊಂಟ ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಕಿವಿ ನೆಟ್ಟಗಾಗಬೇಕು.

ಒಂದೇ ಅಪವಾದ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ, ಕಣ್ಣ ರೆಪ್ಪೆ ಮೇಲೆ ಹಳದಿ ಗಂಟು ಕಂಡರೆ, ಪಟ್ಟಿ ಹಸಿರು ತೋರಿಸಿದರೂ ಪರೀಕ್ಷೆ ಬೇಕೇ ಬೇಕು. ವಂಶದಿಂದ ಬರುವ ಕೊಲೆಸ್ಟ್ರಾಲ್ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತೆ. ಅವರು ತೆಳ್ಳಗೇ ಇರಬಹುದು, ಓಡುತ್ತಲೇ ಇರಬಹುದು.

ಕೆಂಪುಟ್ಯೂಬ್

ಮತ್ತೆ ನನ್ನದೊಂದು, ಸ್ವಾರ್ಥ ಅನ್ನಿ ಬೇಕಾದ್ರೆ. ಮಷೀನ್ ಬದಲು ನಿಮ್ಮ ತಾಲ್ಲೂಕಿನ ನೋಂದಾಯಿತ ಲ್ಯಾಬಿನವರನ್ನೇ ವಾರಕ್ಕೊಂದು ಬೆಳಗ್ಗೆ, ಸಂತೆ ದಿನ, ನಿಮ್ಮೂರಿಗೆ ಬರೋಕೆ ಹೇಳಿ. ಅವರೇ ಮೊಣಕೈ ರಕ್ತನಾಳದಿಂದ ತೆಗೀತಾರೆ, ಅವರ ರಶೀದಿ, ಅವರ ಜವಾಬ್ದಾರಿ. ಎಲ್ಲಿ ಕೂರಿಸಿ ತೆಗೆಯೋದು ಅನ್ನೋದನ್ನ ಮಾತ್ರ ಅದೇ ಆರೋಗ್ಯಾಧಿಕಾರಿ ಅರ್ಜೀಲಿ ಸೇರಿಸಿ ಕೇಳಿ. ಲಿಪಿಡ್ ಜೊತೆ ಶುಗರ್, ಥೈರಾಯ್ಡೂ ಒಂದೇ ಚುಚ್ಚಿಗೆ ಆಗುತ್ತೆ. ಕಟ್ ಕೊಡ್ತೀನಿ ಅಂದ್ರೆ "ಅದನ್ನ ಗಿರಾಕಿಗೇ ಕಮ್ಮಿ ಮಾಡಿ" ಅನ್ನಿ.

ಗುಳಿಗೆಡಬ್ಬಿ

ಎಲ್ಲರದ್ದೂ ಓದಿದೆ. ಸದ್ಯಕ್ಕೆ ಮಷೀನ್ ಬೇಡ ಅಂತ ಡಿಸ್ಟ್ರಿಬ್ಯೂಟರ್‌ಗೆ ಹೇಳಿದ್ದೀನಿ. ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಬರೆದಿದ್ದೀನಿ, ಉತ್ತರ ಬಂದಾಗ ಬರಲಿ. ಸಂತೆ ದಿನಕ್ಕೆ ಲ್ಯಾಬಿನವರ ಜೊತೆ ಮಾತಾಡ್ತೀನಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ತಗೊಂಡವರ ಪಟ್ಟಿ ತೆಗೆದೆ. ಹೋದ ವರ್ಷ ತಗೊಂಡು ಈಗ ಬರದೇ ಇರೋರು ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿದ್ದಾರೆ. ಕೆಲವರು ಬೇರೆ ಅಂಗಡಿಗೆ, ಜನೌಷಧಿಗೆ ಹೋಗಿರಬಹುದು. ಆದ್ದರಿಂದ "ಯಾಕೆ ಬರಲಿಲ್ಲ" ಅಂದರೆ ವ್ಯಾಪಾರದ ಮಾತಾಗುತ್ತೆ. "ಮಾತ್ರೆ ಬಿಡದೆ ತಗೊಳ್ತಾ ಇದ್ದೀರಾ" ಅಂತ ಕೇಳೋಣ ಅಂತಿದ್ದೀನಿ.

ಡಾಕ್ಟರ ಹತ್ತಿರ ಕಳಿಸೋ ಚೀಟಿ ಹೀಗೆ ಮಾಡಿದ್ದೀನಿ, ತಿದ್ದಿ: ಹೆಸರು, ವಯಸ್ಸು, ಬಿ.ಪಿ. ಎರಡು ಸಲ, ಸೊಂಟ, ಸಿಗರೇಟು/ಬೀಡಿ/ಹೊಗೆಸೊಪ್ಪು, ಮನೆತನದ ಕಾಯಿಲೆ, ಈಗ ತಗೊಳ್ತಿರೋ ಮಾತ್ರೆಗಳು, ಲ್ಯಾಬ್ ರಿಸಲ್ಟ್ ಇದ್ದರೆ ದಿನಾಂಕದ ಜೊತೆ.

ವಾರ್ಡ್‌ರೌಂಡ್ಸ್

ಚೆನ್ನಾಗಿದೆ. "ತಿಂದು ಎಷ್ಟು ಗಂಟೆ" ಅಂತ ಒಂದು ಜಾಗ ಬಿಡಿ. ಎಲ್‌ಡಿಎಲ್ 190 ಅಥವಾ ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇಲೆ ಕೆಂಪು ಪೆನ್ನಲ್ಲಿ ಒಂದು ಗೆರೆ ಎಳೆಯಿರಿ. ಮೊದಲನೆಯದು ವಂಶದ ಕೊಲೆಸ್ಟ್ರಾಲ್ ಇರಬಹುದು, ಮನೆಯವರನ್ನೆಲ್ಲ ನೋಡಬೇಕಾಗುತ್ತೆ. ಎರಡನೆಯದು ಮೇದೋಜೀರಕ ಗ್ರಂಥಿಯ ಊತಕ್ಕೆ ದಾರಿ, ತಿಂಗಳು ಕಾಯೋ ಹಾಗಿಲ್ಲ. ಮತ್ತೆ, ಎದೆನೋವು ಅಂತ ಬಂದವರಿಗೆ ಈ ಚೀಟಿ ಬರೀತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಅಪ್ಪನಫೈಲು

ಫೋನ್ ಮಾಡೋದಾದರೆ ಮನೆಯವರ ನಂಬರೂ ಬರೆದಿಟ್ಟುಕೊಳ್ಳಿ ಅಣ್ಣ, ಅವರನ್ನೇ ಕೇಳಿ ಒಪ್ಪಿಸಿ. ಅಪ್ಪನಂಥವರು ಫೋನಲ್ಲಿ "ಹ್ಞೂಂ ತಗೊಳ್ತಿದ್ದೀನಿ" ಅಂದುಬಿಡ್ತಾರೆ.

ಪಟ್ಟಣಬೀದಿ

ಆ ಚೀಟೀದ ಫೈಲ್ ಇಲ್ಲೇ ಹಾಕ್ರಿ, ನಾನೂ ಛಾಪಿಸ್ಕೋತೇನಿ. ಅಕ್ಷರ ಸ್ವಲ್ಪ ದೊಡ್ಡೂವು ಇರ್ಲಿ.